ಠಾಣೆಯಲ್ಲಿ ಬರೆದ ಹೇಳಿಕೆಗೆ ಜಾಮೀನಿನ ಹಂತದಲ್ಲಿ ಎಷ್ಟು ತೂಕ?

ಪ್ರಶ್ನೆ: ಮಾದಕ ವಸ್ತು ಪ್ರಕರಣದಲ್ಲಿ ಜಾಮೀನು ಅರ್ಜಿ ತೀರ್ಮಾನಿಸುವಾಗ, ತನಿಖಾಧಿಕಾರಿಯ ಮುಂದೆ ಆರೋಪಿಗಳು ಕೊಟ್ಟ ಹೇಳಿಕೆಯನ್ನು ನ್ಯಾಯಾಲಯ ಪೂರ್ತಿ ಕೈಬಿಡಬೇಕೇ?

ಪರ: ಕೈಬಿಡಲೇಬೇಕು

ಬೆಂಗಳೂರಿನ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಪ್ರಕರಣದ ಕಡತ ಬಿಚ್ಚಿದರೆ ‘ಸ್ವ ಇಚ್ಛಾ ಹೇಳಿಕೆ’ ಎಂಬ ತಲೆಬರಹದ ಎರಡು ಮೂರು ಹಾಳೆ ಸಾಮಾನ್ಯವಾಗಿ ಸಿಗುತ್ತದೆ. ಹೆಸರು, ವಯಸ್ಸು, ವಿಳಾಸ, ಊರು ಬಿಟ್ಟು ಬಂದದ್ದು, ಸುಲಭದ ದುಡ್ಡಿಗೆ ಆಸೆ ಬಿದ್ದದ್ದು, ಮಾಲು ಯಾರಿಂದ ತಂದದ್ದು, ಯಾರಿಗೆ ಕೊಟ್ಟದ್ದು. ಕೊನೆಯಲ್ಲಿ ‘ನನ್ನನ್ನು ಕರೆದುಕೊಂಡು ಹೋದಲ್ಲಿ ತೋರಿಸಿಕೊಡುತ್ತೇನೆ’ ಎಂಬ ಸಾಲು. ಆರೋಪಿ ಮಾತಾಡುವುದು ಮಲಯಾಳವೋ ಹಿಂದಿಯೋ ಆಗಿದ್ದರೂ ಹಾಳೆಯ ಮೇಲಿರುವುದು ಕಚೇರಿ ಕನ್ನಡ: ‘ಸದರಿ’, ‘ಮೇಲ್ಕಂಡ’, ‘ಅಕ್ರಮ ಲಾಭ ಗಳಿಸುವ ಉದ್ದೇಶದಿಂದ’. ಕೆಳಗೆ ಸಹಿ. ಯಾರು ಅನುವಾದಿಸಿದರು, ಓದಿ ಹೇಳಿದವರು ಯಾರು ಎಂಬುದಕ್ಕೆ ಎಷ್ಟೋ ಸಲ ಒಂದು ಗೆರೆಯೂ ಇರುವುದಿಲ್ಲ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಪರಪ್ಪನ ಅಗ್ರಹಾರದಲ್ಲಿ ಇರಬೇಕೋ ಬೇಡವೋ ಎಂಬುದು ಈ ಹಾಳೆಯ ಮೇಲೆ ನಿಲ್ಲಬಾರದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳವಾದ ಎನ್‌ಸಿಬಿಯಂಥ ಸಂಸ್ಥೆಗಳು ‘ನಾವು ಪೊಲೀಸರಲ್ಲ’ ಎನ್ನುತ್ತ ಎನ್‌ಡಿಪಿಎಸ್ ಕಾಯ್ದೆಯ 67ನೇ ಕಲಮಿನಡಿ ನೋಟಿಸ್ ಕೊಟ್ಟು ಕರೆಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದವು. 2020ರ ಅಕ್ಟೋಬರ್ 29ರಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ದಾರಿ ಮುಚ್ಚಿತು. ಅದೇ ಕಾಯ್ದೆಯ 53ನೇ ಕಲಮಿನಡಿ ತನಿಖೆಯ ಅಧಿಕಾರ ಪಡೆದ ಅಧಿಕಾರಿಗಳೂ ಪೊಲೀಸ್ ಅಧಿಕಾರಿಗಳೇ, 67ನೇ ಕಲಮಿನ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದಿತು.

‘ಅದು ವಿಚಾರಣೆಯ ಮಾತು, ಜಾಮೀನಿನ ಹಂತದಲ್ಲಿ ಸಾಕ್ಷ್ಯದ ನಿಯಮ ಅಷ್ಟು ಬಿಗಿಯಲ್ಲ’ ಎಂಬುದು ಅಭಿಯೋಜಕರ (ಸರ್ಕಾರಿ ವಕೀಲರ) ಮಾಮೂಲಿ ಉತ್ತರ. ಈ ಉತ್ತರ ನಿಲ್ಲುವುದಿಲ್ಲ. ವಾಣಿಜ್ಯ ಪ್ರಮಾಣದಂಥ ಗಂಭೀರ ಪ್ರಕರಣಗಳಲ್ಲಿ ಜಾಮೀನು ಬಿಗಿಗೊಳಿಸುವ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಂ ಕೇಳುವುದು, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣ ಇದೆಯೇ ಎಂದು. ಮುಂದೆ ಎಂದೂ ಸಾಕ್ಷ್ಯವಾಗಲಾರದ ಕಾಗದವನ್ನು ಮುಂದಿಟ್ಟುಕೊಂಡು ಆ ಕಾರಣ ತೂಗುವುದು ಹೇಗೆ? ದೀಪಕ್‌ಭಾಯಿ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪ ಹೊರಿಸುವ ಹಂತದಲ್ಲೇ ಹೊರಗಿಟ್ಟಿತು. ಅದೂ ವಿಚಾರಣೆಗೆ ಮುಂಚಿನ ಹಂತವೇ. ನಮ್ಮ ನಗರದ್ದೇ ಉದಾಹರಣೆ ಬೇಕಿದ್ದರೆ, ಎನ್‌ಸಿಬಿಯ ಬೆಂಗಳೂರು ಘಟಕ ಹೈಕೋರ್ಟಿನ ಜಾಮೀನು ಆದೇಶಗಳನ್ನು ಪ್ರಶ್ನಿಸಿದ್ದಾಗ, 67ನೇ ಕಲಮಿನ ಹೇಳಿಕೆ ಆ ಆದೇಶಗಳನ್ನು ತಿರುಗಿಸಲು ಆಧಾರವಾಗದು ಎಂದು ಸುಪ್ರೀಂ ಕೋರ್ಟ್ 2022ರ ಜನವರಿ 10ರಂದು ಹೇಳಿತು.

ಹೆಚ್ಚು ಪೆಟ್ಟು ಬೀಳುವುದು ಸಹ ಆರೋಪಿಗೆ. ಕೋರಮಂಗಲದಲ್ಲಿ ಒಂದನೇ ಆರೋಪಿಯ ಜೇಬಿನಲ್ಲಿ 12 ಗ್ರಾಂ ಎಂಡಿಎಂಎ (ರಾಸಾಯನಿಕ ಮಾದಕ ವಸ್ತು) ಸಿಕ್ಕಿತು ಅಂದುಕೊಳ್ಳಿ. ಎಂಡಿಎಂಎಗೆ 10 ಗ್ರಾಂ ದಾಟಿದರೇ ವಾಣಿಜ್ಯ ಪ್ರಮಾಣ. ಒಂದು ಮುಷ್ಟಿಗೂ ಸಾಲದಷ್ಟು. ಅದೇ ಗಾಂಜಾಕ್ಕಾದರೆ 20 ಕಿಲೋ. ‘ಇಂಥವನಿಂದ ತಂದೆ’ ಎಂದು ಅವನು ಹೇಳಿದನೆಂದು ಬರೆದುಕೊಂಡು ಇನ್ನೊಬ್ಬನನ್ನು ನಾಲ್ಕನೇ ಆರೋಪಿ ಮಾಡುತ್ತಾರೆ. ಅವನ ಮನೆಯಲ್ಲಿ ಗುಲಗಂಜಿಯಷ್ಟೂ ಸಿಕ್ಕಿಲ್ಲ. ಆದರೂ 29ನೇ ಕಲಮಿನ ಒಳಸಂಚು ಸೇರಿಸಿದ ಕೂಡಲೇ ಆ 12 ಗ್ರಾಂ ಅವನ ಲೆಕ್ಕಕ್ಕೂ ಬೀಳುತ್ತದೆ, 37ನೇ ಕಲಮಿನ ಕಟ್ಟು ಅವನಿಗೂ ಬಿಗಿಯುತ್ತದೆ, ದೋಷಾರೋಪಣ ಪಟ್ಟಿ ಸಲ್ಲಿಸಲು 180 ದಿನ ಕಾಲಾವಕಾಶವಾಗುತ್ತದೆ. ‘ದುಡ್ಡು ಹಾಕಿದ್ದು ನಾನೇ’ ಎಂಬ ಒಂದು ಸಾಲು ಸೇರಿತೋ, ದಂಧೆಗೆ ಹಣ ಹೂಡಿದವರಿಗೆ ಅನ್ವಯಿಸುವ 27ಎ ಕಲಂ ಬರುತ್ತದೆ. ಆಮೇಲೆ ಪ್ರಮಾಣದ ಮಾತೇ ಇಲ್ಲ. ಸಹ ಆರೋಪಿಯ ತಪ್ಪೊಪ್ಪಿಗೆ ಮೂಲ ಸಾಕ್ಷ್ಯವೇ ಅಲ್ಲ ಎಂದು ಹರಿಚರಣ್ ಕುರ್ಮಿ ತೀರ್ಪು 1964ರಲ್ಲೇ ಹೇಳಿದೆ. ಅರವತ್ತು ವರ್ಷ ಕಳೆದರೂ ಇದನ್ನು ಅರ್ಜಿ ಅರ್ಜಿಗೂ ಮತ್ತೆ ವಾದಿಸಬೇಕಾಗಿ ಬರುವುದು ನೋವಿನ ಸಂಗತಿ.

ವಕೀಲರು ಮಾಡಬೇಕಾದ ಕೆಲಸ ಸರಳ. ಕಡತದ ಪ್ರತಿಯೊಂದನ್ನು ತೆಗೆದುಕೊಂಡು, ‘ಒಂದನೇ ಆರೋಪಿ ತಿಳಿಸಿದ ಮೇರೆಗೆ’ ಎಂದು ಶುರುವಾಗುವ ಪ್ರತಿ ಸಾಲನ್ನೂ ಕೆಂಪು ಪೆನ್ಸಿಲಿನಲ್ಲಿ ಹೊಡೆಯಿರಿ. ಉಳಿದದ್ದನ್ನು ಮಾತ್ರ ಅರ್ಜಿಯಲ್ಲಿ ಪಟ್ಟಿ ಮಾಡಿ: ಯಾವ ಮಹಜರು, ಎಷ್ಟು ಗಂಟೆಗೆ, ಯಾರ ವಶದಿಂದ ಏನು. ಇದು ಪತ್ತೆಯ ಹೇಳಿಕೆ, ಅಂದರೆ ಇದರಿಂದಲೇ ಮಾಲು ಸಿಕ್ಕಿತು ಎಂದು ಅಭಿಯೋಜಕರು ವಾದಿಸಿದರೆ ಗಡಿಯಾರ ನೋಡಿ. ಜಪ್ತಿ ಮಹಜರು ಬೆಳಗ್ಗೆ 11ಕ್ಕೆ, ಹೇಳಿಕೆ ಮಧ್ಯಾಹ್ನ 3ಕ್ಕೆ ಎಂದಿದ್ದರೆ ಆ ಹೇಳಿಕೆಯಿಂದ ಪತ್ತೆಯಾದದ್ದು ಏನೂ ಇಲ್ಲ. ಇನ್ನೊಬ್ಬನ ಹೆಸರು ಹೇಳಿದ್ದಷ್ಟೇ ಪತ್ತೆ ಆಗುವುದಿಲ್ಲ. ಭರತ್ ಚೌಧರಿ ಪ್ರಕರಣದಲ್ಲಿ (ಡಿಸೆಂಬರ್ 2021) ಆರೋಪಿಯ ವಶದಲ್ಲಿ ಮಾಲು ಸಿಗದಿದ್ದಾಗ ಬೇರೆಯವನ ಹೇಳಿಕೆಯ ಆಸರೆ ತೀರಾ ದುರ್ಬಲ ಎಂದ ಸುಪ್ರೀಂ ಕೋರ್ಟ್, ವಾಟ್ಸ್‌ಆ್ಯಪ್ ಸಂದೇಶಗಳ ಮುದ್ರಿತ ಪ್ರತಿಯೂ ಸಾಲದು ಎಂದಿತ್ತು.

ಆರೋಪಿ ನಿಜಕ್ಕೂ ಸ್ವ ಇಚ್ಛೆಯಿಂದ ಒಪ್ಪಿಕೊಂಡಿದ್ದರೆ ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 183ನೇ ಕಲಮಿನಡಿ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ. ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಕೆಯಾಗಬಹುದು’ ಎಂದು ಅವರು ಮೊದಲು ಎಚ್ಚರಿಸುತ್ತಾರೆ. ವಕೀಲರ ಸಮಕ್ಷಮ ದೃಶ್ಯ ಮುದ್ರಣಕ್ಕೂ ಅವಕಾಶವಿದೆ. ಆ ದಾರಿ ಹಿಡಿಯದೆ ಠಾಣೆಯ ಹಾಳೆಯನ್ನೇ ಜಾಮೀನಿಗೆ ಅಡ್ಡ ಇಡುವುದನ್ನು ನ್ಯಾಯಾಲಯ ಒಪ್ಪಬಾರದು.

ವಿರೋಧ: ಪೂರ್ತಿ ಕೈಬಿಟ್ಟರೆ ತನಿಖೆಯ ಎಳೆಯೇ ತುಂಡಾಗುತ್ತದೆ

ಹೇಳಿಕೆಯೊಂದನ್ನೇ ನಂಬಿ ಯಾರ ಜಾಮೀನನ್ನೂ ತಡೆಯಬಾರದು. ಇದರಲ್ಲಿ ತಕರಾರಿಲ್ಲ. ತಕರಾರಿರುವುದು, ಕೆಂಪು ಪೆನ್ಸಿಲಿನಲ್ಲಿ ಸಾಲು ಹೊಡೆದ ಮೇಲೆ ಉಳಿದದ್ದನ್ನು ಬಿಡಿ ಬಿಡಿಯಾಗಿ ನೋಡಬೇಕು ಎಂಬ ವಾದಕ್ಕೆ.

ಈ ದಂಧೆ ನಡೆಯುವ ಬಗೆ ನೋಡಿ. ಮಾಲು ಕಳಿಸುವವನು ಮಾಲು ಮುಟ್ಟುವುದೇ ಇಲ್ಲ. ಕೊರಿಯರ್ ಪೊಟ್ಟಣವನ್ನು ಬೇರೆಯವರ ಹೆಸರಿಗೆ ತರಿಸುತ್ತಾನೆ. ಕಂಬದ ಬುಡದಲ್ಲೋ ಖಾಲಿ ನಿವೇಶನದ ಕಲ್ಲಿನ ಕೆಳಗೋ ಇಡಿಸಿ ಜಾಗದ ಫೋಟೊ ಮತ್ತು ಲೊಕೇಶನ್ ಕಳಿಸುತ್ತಾನೆ. ಹಣ ಇನ್ಯಾರದೋ ಖಾತೆಗೆ ಹೋಗುತ್ತದೆ. ಸಿಕ್ಕಿಬೀಳುವವನು ಡೆಲಿವರಿಗೆ ಹೋದ ಹುಡುಗ. ‘ವಶದಲ್ಲಿ ಏನೂ ಸಿಕ್ಕಿಲ್ಲ’ ಎಂಬ ವಾದ ಎಲ್ಲರಿಗಿಂತ ಹೆಚ್ಚು ಒದಗುವುದು ಮೇಲೆ ಕೂತವನಿಗೆ. ಜೇಬಿನಲ್ಲಿ ಮಾಲಿದ್ದ ಹುಡುಗ ಒಳಗೆ, ಕಳಿಸಿದವನು ಹೊರಗೆ. ಇದು ನ್ಯಾಯವಾಗಿ ಕಾಣುವುದಿಲ್ಲ, ಮಕ್ಕಳನ್ನು ಈ ಚಟಕ್ಕೆ ಕಳೆದುಕೊಂಡ ಮನೆಗಳಿಗಂತೂ ಖಂಡಿತ ಕಾಣುವುದಿಲ್ಲ.

ಅರ್ಜಿ ಯಾವಾಗ ಬರುತ್ತದೆ ಎಂಬುದೂ ಮುಖ್ಯ. ಬಂಧನವಾಗಿ ಕೆಲವೇ ದಿನಕ್ಕೆ ಮಾದಕ ವಸ್ತು ಪ್ರಕರಣಗಳನ್ನು ನಡೆಸುವ 33ನೇ ಹೆಚ್ಚುವರಿ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ಅರ್ಜಿ ಬಿದ್ದಿರುತ್ತದೆ. ಆಗ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿರುವುದಿಲ್ಲ, ಕರೆ ವಿವರ ಕೈಸೇರಿರುವುದಿಲ್ಲ, ಬ್ಯಾಂಕಿನಿಂದ ಖಾತೆಯ ದಾಖಲೆ ಬರಬೇಕಿರುತ್ತದೆ, ಮೊಬೈಲಿನ ಮಾಹಿತಿ ಹೊರತೆಗೆದು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಪಡೆಯಬೇಕಿರುತ್ತದೆ. ಎಲ್ಲಿ ಹುಡುಕಬೇಕು ಎಂದು ತನಿಖಾಧಿಕಾರಿಗೆ ತೋರಿಸಿದ್ದೇ ಆ ಹೇಳಿಕೆ. ಅದನ್ನು ನೋಡಲೇಬಾರದು ಎಂದರೆ, ಎಷ್ಟು ಬೇಗ ಅರ್ಜಿ ಹಾಕಿದರೆ ಅಷ್ಟು ಲಾಭ ಎಂಬ ಪರಿಸ್ಥಿತಿ ಬರುತ್ತದೆ.

ತೂಫಾನ್ ಸಿಂಗ್ ತೀರ್ಪನ್ನು ಅದರ ಅಳತೆಯಲ್ಲೇ ಓದಬೇಕು. ಮೂವರಲ್ಲಿ ನ್ಯಾಯಮೂರ್ತಿ ಇಂದಿರಾ ಬ್ಯಾನರ್ಜಿ ಭಿನ್ನಮತ ಬರೆದರು ಎಂಬುದು ಪಕ್ಕಕ್ಕಿರಲಿ, ಬಹುಮತವೇ ಕಾನೂನು. ಆದರೆ ಅದು ಹೊರಗಿಟ್ಟದ್ದು ತಪ್ಪೊಪ್ಪಿಗೆಯನ್ನು. ಹೇಳಿಕೆಯ ಬೆನ್ನು ಹಿಡಿದು ಸಿಕ್ಕ ವಸ್ತುವನ್ನು ಹೊರಗಿಡಲಿಲ್ಲ. ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕ (ವಿನಾಯಿತಿ) ಇವತ್ತಿಗೂ ಹಾಗೆಯೇ ಇದೆ: ವಶದಲ್ಲಿದ್ದವನ ಮಾತಿನಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಿಸಿದಷ್ಟು ಮಾತನ್ನು ರುಜುವಾತು ಮಾಡಬಹುದು. ಮೋಹಿತ್ ಅಗರ್‌ವಾಲ್ ಪ್ರಕರಣದಲ್ಲಿ (2022ರ ಜುಲೈ 19) 67ನೇ ಕಲಮಿನ ಹೇಳಿಕೆಗಳನ್ನು ಬಿಟ್ಟು ನೋಡಿದರೂ ಉಳಿದ ಸಾಂದರ್ಭಿಕ ಸಾಕ್ಷ್ಯ ಸಾಕಷ್ಟಿದೆ ಎಂದು ಸುಪ್ರೀಂ ಕೋರ್ಟ್ ಹೈಕೋರ್ಟು ಕೊಟ್ಟ ಜಾಮೀನನ್ನು ರದ್ದುಮಾಡಿತು. ಮರುದಿನವೇ ಸಮರ್ಥ್ ಕುಮಾರ್ ಪ್ರಕರಣದಲ್ಲಿ, ತೂಫಾನ್ ಸಿಂಗ್ ತೀರ್ಪಿನ ಪ್ರಯೋಜನವನ್ನು ಕಾಯಂ ಜಾಮೀನಿನ ವೇಳೆಯೋ ಅಂತಿಮ ವಿಚಾರಣೆಯಲ್ಲೋ ಕೇಳಬಹುದು, ನಿರೀಕ್ಷಣಾ ಜಾಮೀನಿಗೆ ಅದು ಸಾಲದು ಎಂದಿತು. ಎಲ್ಲ ಹಂತಕ್ಕೂ ಒಂದೇ ಅಳತೆಗೋಲು ಎಂಬ ವಾದವನ್ನು ಈ ಎರಡು ಆದೇಶಗಳು ಒಪ್ಪುವುದಿಲ್ಲ.

ಹಾಗಾದರೆ ತೂಗುವುದು ಹೇಗೆ? ಮೊದಲು ನೋಡಬೇಕಾದದ್ದು ದಿನಾಂಕ. ಹೇಳಿಕೆ 5ನೇ ತಾರೀಖು ದಾಖಲಾಗಿ, ಅದರಲ್ಲಿ ಹೇಳಿದ ಖಾತೆಗೆ ಹೇಳಿದಷ್ಟೇ ಮೊತ್ತ ಹೋಗಿರುವುದನ್ನು ತೋರಿಸುವ ಬ್ಯಾಂಕ್ ದಾಖಲೆ 12ಕ್ಕೆ ಬಂದಿದ್ದರೆ, ಆ ದಾಖಲೆಗೆ ತೂಕವಿದೆ. ಅದರ ಅರ್ಥ ತಿಳಿಯಲು ಹೇಳಿಕೆಯ ಕಡೆ ಕಣ್ಣು ಹಾಯಿಸುವುದು ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಮಾಡಿದಂತಲ್ಲ. ಬ್ಯಾಂಕ್ ದಾಖಲೆ 3ಕ್ಕೇ ಕೈಸೇರಿ ಹೇಳಿಕೆ 5ಕ್ಕೆ ಬರೆದಿದ್ದರೆ, ದಾಖಲೆ ನೋಡಿಕೊಂಡೇ ಹೇಳಿಕೆ ಬರೆಸಿರಬಹುದು. ಆಗ ಹೇಳಿಕೆಗೆ ಸೊನ್ನೆ. ಎರಡನೆಯದು, ಒಳಗಿನವನಿಗೆ ಮಾತ್ರ ಗೊತ್ತಿರಬಹುದಾದ ವಿವರ: ಪೊಟ್ಟಣದ ಮೇಲಿನ ಸುಳ್ಳು ಹೆಸರು, ಫೋನಿನಲ್ಲಿ ಅಡ್ಡಹೆಸರಿನಿಂದ ಉಳಿಸಿದ ನಂಬರು. ಇವು ಆಮೇಲೆ ತಾಳೆಯಾದರೆ ಸುಮ್ಮನೆ ತಳ್ಳಿಹಾಕಲಾಗದು. ಬರೀ ಹೆಸರು ಹೇಳಿ ನಿಲ್ಲಿಸಿದ ಹೇಳಿಕೆಗೆ ಈ ಗೌರವ ಬೇಡ. ಇಬ್ಬರ ನಡುವೆ ಫೋನ್ ಕರೆ ಇತ್ತು ಎಂಬುದೊಂದೇ ತಾಳೆಯೂ ಸಾಲದು. ಗೆಳೆಯರು ಫೋನ್ ಮಾಡಿಕೊಳ್ಳುತ್ತಾರೆ. ಕರೆಯ ಹೊತ್ತು, ಹಣ ಹೋದ ಹೊತ್ತು, ಮಾಲು ಇಟ್ಟ ಜಾಗದ ಟವರ್, ಈ ಮೂರು ಒಂದಕ್ಕೊಂದು ಕೂಡಬೇಕು.

ಜಾಮೀನು ಅನೇಕ ಸಲ ಸಿಗುವುದು ಕಾನೂನಿನ ಸೂಕ್ಷ್ಮದಿಂದಲ್ಲ, ಕಡತದ ಸೋಮಾರಿತನದಿಂದ. ಆಕ್ಷೇಪಣೆಯಲ್ಲಿ ಅಭಿಯೋಜಕರು ಹೇಳಿಕೆಯನ್ನೇ ನಾಲ್ಕು ಪುಟ ನಕಲು ಮಾಡಿ, ಖಾತೆಯ ದಾಖಲೆಯನ್ನು ಅನುಬಂಧದಲ್ಲೂ ಸೇರಿಸದೆ ಬಿಡುತ್ತಾರೆ. ಬಿಎನ್‌ಎಸ್‌ಎಸ್‌ನ 105ನೇ ಕಲಂ ಶೋಧ ಮತ್ತು ಜಪ್ತಿಯ ದೃಶ್ಯ ಮುದ್ರಣ ಕಡ್ಡಾಯ ಮಾಡಿದೆ. ಆರೋಪಿಯೇ ಕರೆದೊಯ್ದು ಜಾಗ ತೋರಿಸುವ ದೃಶ್ಯವೂ ಅದರಲ್ಲಿದ್ದು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಿದ್ದರೆ ನಾಲ್ಕು ಪುಟದ ನಕಲು ಬೇಕಾಗುವುದಿಲ್ಲ. ಆಕ್ಷೇಪಣೆಗೆ ಒಂದು ಕೋಷ್ಟಕ ಸಾಕು: ಹೇಳಿಕೆಯ ಸಾಲು, ದಾಖಲಾದ ದಿನಾಂಕ ಮತ್ತು ಗಂಟೆ, ಆಮೇಲೆ ಸಿಕ್ಕಿದ್ದೇನು, ಎಂದು ಸಿಕ್ಕಿತು, ಕಡತದ ಯಾವ ಪುಟ. ಕೊನೆಯ ಮೂರು ಅಂಕಣ ಖಾಲಿ ಉಳಿದ ಸಾಲುಗಳನ್ನು ನ್ಯಾಯಾಧೀಶರು ಧಾರಾಳವಾಗಿ ಹೊಡೆದುಹಾಕಲಿ.