ಚುಚ್ಚಿಸಿಕೊಂಡ ಬೆಕ್ಕು ಯಾವುದು?

ಹೆಣ್ಣು ಬೆಕ್ಕಿನ ಸಂತಾನ ನಿಲ್ಲಿಸಲು ಕತ್ತರಿ ಬೇಡ, ತೊಡೆಗೆ ಒಂದೇ ಚುಚ್ಚುಮದ್ದು ಸಾಕು ಎಂಬ ಸುದ್ದಿ 2023ರಲ್ಲಿ ಅಮೆರಿಕದ ಸಿನ್ಸಿನಾಟಿಯಿಂದ ಬಂದದ್ದೇ ತಡ, ಮಾರ್ಜಾಲಪ್ರಿಯರು ಅದನ್ನು ಪ್ರಸಾದದಂತೆ ಹಂಚತೊಡಗಿದರು. ಹಂಚಬೇಕಾದ ಸುದ್ದಿಯೇ. ನಿರುಪದ್ರವಿ ವೈರಾಣುವಿನ ಬೆನ್ನಿಗೆ ಹಾರ್ಮೋನಿನ ಜೀನೊಂದನ್ನು ಹೊರಿಸಿ ಆರು ಬೆಕ್ಕುಗಳ ಮೈಗೆ ಸೇರಿಸಿದರು. ಗಂಡು ಬೆಕ್ಕನ್ನು ತಿಂಗಳುಗಟ್ಟಲೆ ಜೊತೆಗೆ ಬಿಟ್ಟರೂ ಆರರಲ್ಲಿ ಒಂದೂ ಬಸಿರಾಗಲಿಲ್ಲ. ಮದ್ದು ಕಾಣದ ಮೂರೂ ಮರಿ ಹಾಕಿದವು.

ಇಂಥದೊಂದು ಮದ್ದಿಗೆ ಎರಡೂವರೆ ಕೋಟಿ ಡಾಲರ್ ಬಹುಮಾನವನ್ನು ಅಮೆರಿಕದ ಶಸ್ತ್ರವೈದ್ಯ ಗ್ಯಾರಿ ಮೈಕೆಲ್ಸನ್ 2008ರಲ್ಲೇ ಘೋಷಿಸಿದ್ದರು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ಸಾಧನಗಳಿಂದ ಶ್ರೀಮಂತರಾದವರು ಶಸ್ತ್ರಚಿಕಿತ್ಸೆಯೇ ಬೇಡವೆನ್ನುವ ವಿದ್ಯೆಗೆ ಹಣ ಸುರಿಯುತ್ತಿರುವುದು ನಿಜಕ್ಕೂ ದೊಡ್ಡ ಮನಸ್ಸು. ಮದ್ದು ಗಂಡಿಗೂ ಹೆಣ್ಣಿಗೂ ನಾಟಬೇಕೆಂಬ ಷರತ್ತು ಆ ಬಹುಮಾನಕ್ಕಿದೆ. ಸಿನ್ಸಿನಾಟಿಯ ಗಂಡು ಬೆಕ್ಕಿಗೆ ಮಾತ್ರ ಸಿಕ್ಕಿದ್ದು ಪರೀಕ್ಷಕನ ಹುದ್ದೆ. ಹೆಣ್ಣು ಬೆಕ್ಕಿನ ನೋವಿಗೆ ಇಷ್ಟು ಮಿಡಿಯುವ ನಾವು ನಮ್ಮ ಹೆಂಗಸರನ್ನು ನಡೆಸಿಕೊಂಡದ್ದು ಹೇಗೆ? 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಸಂತಾನಹರಣದ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ, 83 ಮಂದಿಗೆ ಕತ್ತರಿ ಆಡಿಸಲಾಯಿತು. ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಅವರಿಗಾಗಿ ಯಾರೂ ಬಹುಮಾನ ಇಟ್ಟಿರಲಿಲ್ಲ.

ಇರಲಿ, ಬೆಕ್ಕಿಗೆ ಬರೋಣ. ಕತ್ತರಿ ಆಡಿಸುವಾಗ ಅರಿವಳಿಕೆಯ ನಿದ್ದೆಯಲ್ಲೇ ಬೀದಿಬೆಕ್ಕಿನ ಕಿವಿಯ ತುದಿಯನ್ನೂ ಕತ್ತರಿಸುತ್ತಾರೆ. ಈ ಬೆಕ್ಕಿನ ಕೆಲಸ ಮುಗಿದಿದೆ ಎಂದು ಗೋಡೆಯ ಆಚೆಯಿಂದಲೇ ತಿಳಿಯುತ್ತದೆ. ಚುಚ್ಚುಮದ್ದಿಗೆ ನಿದ್ದೆಯೂ ಇಲ್ಲ, ಗುರುತೂ ಇಲ್ಲ. ಹಾಗಾದರೆ ಕೊರಳಪಟ್ಟಿ? ಗಿಡಗಂಟಿಗೆ ಸಿಕ್ಕಿ ಬೆಕ್ಕಿನ ಉಸಿರುಗಟ್ಟದಂತೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯೇ ಉತ್ತಮವಂತೆ, ಅಂದರೆ ಉದುರಿಹೋಗುವ ಗುರುತೇ ಶ್ರೇಷ್ಠ ಗುರುತು. ಉಳಿದದ್ದು ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ದಪ್ಪದ ಚಿಪ್. ಅದರಲ್ಲಿರುವುದು ಹದಿನೈದು ಅಂಕಿಯ ಸಂಖ್ಯೆ ಮಾತ್ರ. ಓದಲು ಸ್ಕ್ಯಾನರನ್ನು ಹೆಗಲ ಬಳಿಗೇ ಒಯ್ಯಬೇಕು. ಅಷ್ಟು ಹತ್ತಿರ ಬರಗೊಡುವ ಬೆಕ್ಕು ಬೀದಿಬೆಕ್ಕಲ್ಲ.

ಇಂಗ್ಲೆಂಡ್ ಈ ವಿಷಯದಲ್ಲಿ ನಮಗೆಲ್ಲ ಗುರು. ಅಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಇಪ್ಪತ್ತು ವಾರ ತುಂಬುವುದರೊಳಗೆ ಚಿಪ್ ಕಡ್ಡಾಯ. ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಸಂಖ್ಯೆ ಯಾರದೆಂಬ ವಿವರ ಒಂದೇ ಕಡೆ ಇದ್ದರೆ ಬೆಕ್ಕು ಬೇಗ ಸಿಕ್ಕಿಬಿಟ್ಟೀತು ಎಂದೋ ಏನೋ, ಅದನ್ನು ಇಪ್ಪತ್ತಕ್ಕೂ ಹೆಚ್ಚು ದತ್ತಕೋಶಗಳಲ್ಲಿ ಹಂಚಿಟ್ಟಿದ್ದಾರೆ. ಕೊಟ್ಟಿಗೆಯ, ಬೀದಿಯ ಬೆಕ್ಕುಗಳಿಗೆ ಮಾತ್ರ ವಿನಾಯಿತಿ. ಸೋಫಾ ಬಿಟ್ಟು ಇಳಿಯದ ಬೆಕ್ಕಿಗೆ ಹದಿನೈದು ಅಂಕಿ, ಮೂರು ಸೂಲು ಕಂಡ ಬೀದಿಬೆಕ್ಕಿಗೆ ಸೊನ್ನೆ.

ಕತ್ತರಿಯಾಗಲಿ, ಸೂಜಿಯಾಗಲಿ, ಮೊದಲು ಬೆಕ್ಕನ್ನು ಹಿಡಿಯಬೇಕು. ರಾತ್ರಿ ಮೀನಿನ ತುಂಡು ಹಿಡಿದು ಬೋನಿನ ಪಕ್ಕ ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಕೂರುವವರು ಇನ್ನೊಂದು ಬೋನು ಕೊಡಿಸಿ ಎಂದು ಕೇಳಿದರೆ, ಅನುದಾನವಿಲ್ಲ ಎಂಬ ಉತ್ತರ ಎಲ್ಲ ಕಚೇರಿಗಳಲ್ಲೂ ಸಿದ್ಧವಾಗಿದೆ.