ಬಿಸಿನೀರಿಗೂ ಬಿಳಿ ಪೈಪ್ ಸಾಕು ಎಂಬ ಮೆಸೇಜ್ ತಪ್ಪು

"ಸೋಲಾರ್ ಬಿಸಿನೀರಿನ ಲೈನಿಗೂ ಬಿಳಿ ಯುಪಿವಿಸಿ ಪೈಪ್ ಸಾಕು, ಸಿಪಿವಿಸಿ ಸುಮ್ನೆ ಖರ್ಚು" ಎಂಬ ಮೆಸೇಜ್ ಬಾಗಲಕೋಟೆಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಹೋದ ವಾರ ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಕ್ಷಮಿಸಿ. ಯುಪಿವಿಸಿ, ಸಿಪಿವಿಸಿ ಎರಡೂ ಪ್ಲಾಸ್ಟಿಕ್ ಪೈಪೇ, ಆದರೆ ಬಿಸಿ ತಡೆಯುವುದು ಸಿಪಿವಿಸಿ.

ನಾನು ನವನಗರದಲ್ಲಿ ಪ್ಲಂಬಿಂಗ್ ಕೆಲಸ ಕಲಿಯುತ್ತಿರುವ ಹೆಲ್ಪರ್. ಫಾರ್ವರ್ಡ್ ಮಾಡಿದ ಮರುದಿನ ನಮ್ಮ ಉಸ್ತಾದರು ಎರಡೂ ಪೈಪ್ ಕೈಗೆ ಕೊಟ್ಟು, "ಮೇಲೆ ಏನ್ ಬರದೈತಿ, ಓದು" ಎಂದರು. ಬಿಳಿ ಪೈಪಿನ ಮೇಲೆ ಐಎಸ್ (ಭಾರತೀಯ ಮಾನದಂಡ) 4985 ಎಂದಿತ್ತು. ಆ ಮಾನದಂಡ 45 ಡಿಗ್ರಿವರೆಗಿನ ನೀರಿಗೆ ಮಾತ್ರ. ಕೆನೆಬಣ್ಣದ ಸಿಪಿವಿಸಿ ಮೇಲೆ ಐಎಸ್ 15778. ಅದು ಬಿಸಿನೀರು, ತಣ್ಣೀರು ಎರಡಕ್ಕೂ ನಡೆಯುತ್ತದೆ.

ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಸೋಲಾರ್ ನೀರು 60 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಆ ಬಿಸಿಗೆ ಬಿಳಿ ಪೈಪ್ ಮೆತ್ತಗಾಗಿ ಬಾಗುತ್ತದೆ, ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಮೊನ್ನೆ ಅಂಥದ್ದೇ ಒಂದು ಬಚ್ಚಲಲ್ಲಿ ಉಳಿ, ಸುತ್ತಿಗೆ ಹಿಡಿದು ಹೊಸ ಟೈಲ್ಸ್ ಒಡೆದವನು ನಾನೇ. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬಹಳ ಬೇಜಾರಾಯಿತು. ಪೈಪ್ ಜೋಡಿಸುವ ಅಂಟೂ ಬೇರೆ, ಸಿಪಿವಿಸಿಗೆ ಅದರದೇ ಅಂಟು (ಸಾಲ್ವೆಂಟ್) ಬೇಕು.

ತಣ್ಣೀರಿನ ಲೈನಿಗೆ ಬಿಳಿ ಪೈಪ್ ಧಾರಾಳವಾಗಿ ಹಾಕಿಸಿ. ಆದರೆ ಆ ಮೆಸೇಜ್ ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.