ಕಪ್ಪೆಗೆ ಜಾತಿ ಯಾಕೆ ಅನ್ನೋರಿಗೆ

ಮಳೆ ಹಿಡೀತು ಅಂದ್ರೆ ಅರ್ಧ ಬೆಳಗಾವಿ ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೆ ಗಾಡಿ ತಿರುಗಿಸುತ್ತದೆ. ಫಾಲ್ಸ್ ಮುಂದೆ ಫೋಟೊ, ಬಿಸಿ ಭಜಿ, ವಾಪಸ್. ಹಳ್ಳದ ಕಪ್ಪೆ ಬಗ್ಗೆ ಮಾತು ತೆಗೆದರೆ, "ಕಪ್ಪಿ ಅಂದ್ರ ಕಪ್ಪಿ, ಅದರಾಗೇನ್ರಿ ಜಾತಿ? ಈ ವಿಜ್ಞಾನಿಗಳಿಗೆ ಬ್ಯಾರೆ ಕೆಲಸಿಲ್ಲ, ಸುಮ್ನೆ ಹೆಸರು ಬದಲಿಸ್ಕೋತ ಕೂಡ್ತಾರ" ಅಂತಾರೆ.

ನಾನು ಇದನ್ನು ಒಪ್ಪಲ್ಲ. ಜಾತಿ ಅಂದ್ರೆ ಇಲ್ಲಿ ಜೀವಶಾಸ್ತ್ರದ ಸ್ಪೀಷೀಸ್.

ಲೋಂಡಾ ದಾಟಿದರೆ ಕ್ಯಾಸಲ್‌ರಾಕ್. ಜಿಲ್ಲೆ ಉತ್ತರ ಕನ್ನಡ, ಆದರೆ ನಮ್ಮ ಬಗಲಲ್ಲೇ ಇದೆ. ಅಲ್ಲಿಯ ಒಂದು ಕಪ್ಪೆಗೆ 2005ರಲ್ಲಿ ವಿಜ್ಞಾನಿಗಳಾದ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ್ ಕುಂಟೆ ನಿಕ್ಟಿಬಾಟ್ರಾಕಸ್ ಪೆಟ್ರೇಯಸ್ ಅಂತ ಹೆಸರಿಟ್ಟರು. ಸುಕ್ಕು ಸುಕ್ಕಾದ ಕಂದು ಚರ್ಮ, ವಜ್ರದ ಆಕಾರದ ಕಣ್ಣುಪಾಪೆ, ಬೆರಳ ತುದಿಗೆ ಪುಟ್ಟ ಬಿಲ್ಲೆಗಳು. ಇದು ಮೊಟ್ಟೆ ಇಡೋದು ನೀರಲ್ಲಲ್ಲ, ಹಳ್ಳದ ಮೇಲೆ ಬಾಗಿದ ಎಲೆಯ ಮೇಲೆ. ಮೊಟ್ಟೆ ಒಡೆದಾಗ ಮರಿ ಟಪ್ ಅಂತ ಕೆಳಗೆ ಬೀಳುತ್ತದೆ. ಕೆಳಗೆ ನೀರಿಲ್ಲ ಅಂದ್ರೆ ಅಲ್ಲಿಗೆ ಮುಗೀತು.

ಇದೇ ಕುಲದ, ಅಂದ್ರೆ ಹತ್ತಿರದ ಸಂಬಂಧದ ಜಾತಿಗಳ ಗುಂಪಿನ, ಇನ್ನೊಂದು ಕಪ್ಪೆ ಕುಂಬಾರ ಕಪ್ಪೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಉತ್ತರ ಕನ್ನಡದ ಕತ್ತಲೆಕಾನಿನ ಕಡೆಯಿಂದ ವರದಿ ಮಾಡಿದ್ದು. ಇದರ ಗಂಡು ಹಿಂಗಾಲ ಮೇಲೆ ನಿಂತು, ಮುಂಗಾಲಲ್ಲಿ ಕೆಸರು ತಗೊಂಡು ಮೊಟ್ಟೆಗೆ ಮೆತ್ತುತ್ತದೆ. ಅಪ್ಪನ ಕೆಲಸ ನೋಡಿ!

ನಮ್ಮ ನಿಮ್ಮ ಕಣ್ಣಿಗೆ ಎರಡೂ ಬರೀ ಕಂದು ಕಪ್ಪೆಗಳೇ. ಆದರೆ ಒಂದಕ್ಕೆ ಬಾಗಿದ ಕೊಂಬೆ ಬೇಕು, ಇನ್ನೊಂದಕ್ಕೆ ಹಳ್ಳದ ಕೆಸರು ಬೇಕು. ಎರಡನ್ನೂ ಒಂದೇ ಹೆಸರಲ್ಲಿ ಬರೆದಿಟ್ಟರೆ, ಒಂದು ಹಳ್ಳದ ದಂಡೆ ಬೋಳಿಸಿದಾಗ "ಅಯ್ಯೋ, ಆ ಕಪ್ಪೆ ಆ ಕಡೆ ಬೇಕಾದಷ್ಟಿದೆ ಬಿಡಿ" ಅಂದುಬಿಡಬಹುದು. ಆ ಕಡೆ ಇರೋದು ಬೇರೆ ಕಪ್ಪೆ ಅಂತ ಯಾರಿಗೂ ಗೊತ್ತೇ ಆಗಲ್ಲ.

ಈ ನಿಕ್ಟಿಬಾಟ್ರಾಕಸ್ ಕುಲಕ್ಕೆ ಪ್ರಾಣಿಶಾಸ್ತ್ರಜ್ಞ ಬೌಲೆಂಜರ್ ಹೆಸರಿಟ್ಟಿದ್ದು 1882ರಲ್ಲಿ. 2011ರಲ್ಲಿ ಕಪ್ಪೆ ಸಂಶೋಧಕ ಎಸ್.ಡಿ. ಬಿಜು ತಂಡ ಒಂದೇ ಸಲಕ್ಕೆ 12 ಹೊಸ ಜಾತಿ ತೋರಿಸಿತು, 2017ರಲ್ಲಿ ಮತ್ತೆ 7 ಸೇರಿದವು, ಅದರಲ್ಲಿ ಕೆಲವು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ಹೊಸದಾಗಿ ಹುಟ್ಟಿದವಲ್ಲ ಇವು, ಮೊದಲಿನಿಂದಲೂ ಅಲ್ಲೇ ಇದ್ದವು. ಮೈಕಟ್ಟಿನ ಜೊತೆ ಡಿಎನ್‌ಎ, ಕೂಗು ಎಲ್ಲ ಹೋಲಿಸಿದ ಮೇಲೆ ಬೇರೆ ಬೇರೆ ಅಂತ ಗೊತ್ತಾಯಿತು. 2005ರಲ್ಲಿ ಪೆಟ್ರೇಯಸ್ಸನ್ನು ಸಾಮಾನ್ಯ ಕಪ್ಪೆಗಳ ರಾನಿಡೇ ಕುಟುಂಬಕ್ಕೆ ಸೇರಿಸಿದ್ದರು, ಈಗ ಅದು ನಿಕ್ಟಿಬಾಟ್ರಾಕಿಡೇ ಕುಟುಂಬದಲ್ಲಿದೆ. ಆ ಕುಟುಂಬ ಪಶ್ಚಿಮ ಘಟ್ಟ, ಶ್ರೀಲಂಕಾ ಬಿಟ್ಟರೆ ಜಗತ್ತಲ್ಲಿ ಇನ್ನೆಲ್ಲೂ ಇಲ್ಲ. ಇಷ್ಟು ತಿಳಿಯೋಕೆ ಹೆಸರು ನಾಲ್ಕು ಸಲ ಬದಲಾದರೂ ನನಗೇನೂ ಬೇಜಾರಿಲ್ಲ.

ಬೇಜಾರು ಬೇರೆ ಇದೆ. ಫೋಟೊಕ್ಕೆ ಅಡ್ಡ ಬರುತ್ತೆ ಅಂತ ಹಳ್ಳದ ಮೇಲಿನ ಕೊಂಬೆ ಮುರಿಯೋರು, ಹಳ್ಳದೊಳಗೇ ಜೀಪ್ ಇಳಿಸಿ ರೀಲ್ಸ್ ಮಾಡೋರು. ಮುರಿಯೋ ಮುಂಚೆ ಎಲೆ ಮೇಲೆ ಲೋಳೆಯಂಥ ಮುದ್ದೆ ಇದೆಯಾ ಅಂತ ಒಮ್ಮೆ ನೋಡ್ರಪ್ಪಾ. ಅಷ್ಟೇ ಕೇಳೋದು.